ಕಿವಿಸ್ವಾಮಿಯ ಸೂಪರ್ ಟ್ವೀಟರ್

ಕುರುಗೋಡಿನ ದೊಡ್ಡ ಬಸವಣ್ಣನ ಕಿವಿಯಾದರೂ ಒಮ್ಮೊಮ್ಮೆ ಮೋಸ ಹೋಗಬಹುದು, ಸುಳ್ಳು ಹರಕೆ ಹೇಳುವವರು ಕಡಿಮೆಯೇನಿಲ್ಲ. ಎರ್ರಿಸ್ವಾಮಿಯ ಕಿವಿ ಮಾತ್ರ ಮೋಸ ಹೋಗುವುದಿಲ್ಲ ಎಂದು ಊರು ನಂಬಿತ್ತು. ರೇಡಿಯೊ ರಿಪೇರಿ, ಮೈಕ್‌ಸೆಟ್ ಬಾಡಿಗೆಯ ಅಂಗಡಿ ಅವನದು. ಯಾರಾದರೂ ಕೆಟ್ಟ ರೇಡಿಯೊ ತಂದರೆ ಬೇವಿನ ಕಡ್ಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಸ್ಪೀಕರಿಗೆ ತಾಗಿಸಿ, ತಪಸ್ಸಿಗೆ ಕೂತವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಆಮೇಲೆ "ಕಾಯಿಲ್ ಉಜ್ಜಾಕತ್ತೈತಿ" ಅಂದನೆಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಸ್ಪೀಕರಿನೊಳಗಿನ ಕಾಯಿಲ್ ಉಜ್ಜುತ್ತಲೇ ಇರುತ್ತಿತ್ತು. ಜನ ಅವನಿಗೆ ಕಿವಿಸ್ವಾಮಿ ಎಂದೇ ಹೆಸರಿಟ್ಟಿದ್ದರು. ಆ ಹೆಸರಿನ ಮೇಲೆ ಅವನಿಗೆ ಅಂಗಡಿಗಿಂತ ಹೆಚ್ಚು ಪ್ರೀತಿ.

1983ರಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪ ಹೊಸ ಮನೆ ಕಟ್ಟಿಸಿದರು. ನಡುಮನೆಗೆ ಬಳ್ಳಾರಿಯಿಂದ ಫಾರಿನ್ ಸ್ಪೀಕರ್ ತರಿಸುತ್ತಾರೆಂಬ ಸುದ್ದಿ ಕೇಳಿ ಎರ್ರಿಸ್ವಾಮಿ ಸಿರುಗುಪ್ಪಕ್ಕೇ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಅಡ್ಡಗಟ್ಟಿದ.

"ಸಾವ್ಕಾರ್ರ, ನಾನು ಮಾಡಿಕೊಡ್ತೀನ್ರಿ. ನಮ್ಮ ಬಯಲಾಟದ ಗೆಜ್ಜಿ ಫಾರಿನ್ ಪೆಟ್ಟಿಗಿಗೆ ಏನ್ ಗೊತ್ತೈತ್ರಿ?"

"ಚಲೋ ಆಗ್ಲಿಲ್ಲಂದ್ರ?"

"ಅಂಗಡಿ ಬೋರ್ಡು ಇಳಸ್ತೀನ್ರಿ. ಕಿವಿ ಹಿಡಕೊಂಡು ನಿಮ್ಮ ಗಿರಣಿ ಮುಂದ ಬಸ್ಕಿ ಹೊಡಿತೀನಿ."

ಅವನು ಕುರುಗೋಡಿನಲ್ಲಿ ಬಸ್ಸಿಳಿಯುವ ಮೊದಲೇ ಈ ಮಾತು ಊರು ಸೇರಿತ್ತು.

ಕೊಳಗಲ್ಲಿನ ಹಳೇ ಮನೆಯೊಂದರ ತೇಗದ ಬಾಗಿಲು ಕೊಯ್ಯಿಸಿ ಎರಡು ಪೆಟ್ಟಿಗೆ ಮಾಡಿದ. ಒಂದೊಂದರಲ್ಲೂ ಎಂಟಿಂಚಿನ ಒಂದೊಂದು ಫುಲ್‌ರೇಂಜ್ ಸ್ಪೀಕರ್. ಗುಡುಗಿನಿಂದ ಗುಂಗಾಡು ಸೊಳ್ಳೆಯವರೆಗೆ ಎಲ್ಲ ದನಿಯನ್ನೂ ಒಂದೇ ಕೋನ್ ಹಾಡಬೇಕಾದ ಜಾತಿ ಅದು. ಒಳಗೆ ಹತ್ತಿ ತುಂಬಿದ.

"ಗಾದಿ ಯಾಕ್ರಿ ತೆಳ್ಳಗಾಗೈತಿ?" ಎಂದಳು ಹೆಂಡತಿ ಹುಲುಗಮ್ಮ.

"ಸ್ಪೀಕರಿಗೆ ಹತ್ತಿ ಬೇಕಾಗಿತ್ತು."

"ನನ್ನ ಬೆನ್ನಿಗೂ ಬೇಕಾಗಿತ್ತು."

ಮೋಕದ ಬಯಲಾಟದಲ್ಲಿ ತಾನೇ ರೆಕಾರ್ಡ್ ಮಾಡಿದ ಕ್ಯಾಸೆಟ್ ಹಾಕಿದ. ಮದ್ದಲೆ ಎದೆಗೆ ಗುದ್ದಿತು. ಭಾಗವತರ ದನಿ ಪಕ್ಕದಲ್ಲೇ ಕೂತ ಹಾಗಿತ್ತು. ಪಾತ್ರ ಕುಣಿಯತೊಡಗಿದಾಗ ಮಾತ್ರ ಗೆಜ್ಜೆ ಬರಲಿಲ್ಲ.

"ಗೆಜ್ಜಿ ಎಲ್ಲಿ ಹೋತು?"

"ಬರಾಕತ್ತೈತಲ್ರಿ," ಎಂದಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಹುಲುಗಮ್ಮ.

"ನೀ ಮೆಣಸಿನಕಾಯಿ ನೋಡು."

ಅಷ್ಟು ದೊಡ್ಡ ಕೋನ್ ಅಷ್ಟು ಸಣ್ಣ ದನಿಗೆ ಹೇಗೆ ಅಲುಗಾಡೀತು ಎಂದು ಅವನೇ ತೀರ್ಪು ಕೊಟ್ಟುಕೊಂಡ. ಮರುದಿನ ಬಳ್ಳಾರಿಯ ಜಂಬಣ್ಣನ ರೇಡಿಯೊ ಸಾಮಾನಿನ ಅಂಗಡಿಯಲ್ಲಿ ನಿಂತಿದ್ದ. ಜಂಬಣ್ಣ ಗೆಜ್ಜೆಯಂಥ ಸಣ್ಣ ದನಿಗೆಂದೇ ಮಾಡಿದ, ಕುಂಕುಮದ ಭರಣಿಯ ಮುಚ್ಚಳದಷ್ಟಿದ್ದ ಎರಡು ಸೂಪರ್ ಟ್ವೀಟರ್ ಕೊಟ್ಟ.

"ಅಣ್ಣಾ, ಇವಕ್ಕ ಈ ಸಣ್ಣ ಕಂಡೆನ್ಸರ್ ಹಾಕು. ತೀರಾ ಸಣ್ಣ ದನಿ ಅಷ್ಟ ಒಳಗ ಬಿಡತೈತಿ. ದೊಡ್ಡದು ಹಾಕಬ್ಯಾಡ, ಗದ್ಲ ಮಾಡತಾವು."

ಮನೆಗೆ ಬಂದು ಕೂಡಿಸಿದ. ಕಿವಿಯನ್ನೇ ತಂದು ಟ್ವೀಟರಿಗೆ ಅಂಟಿಸಿದ. ಸದ್ದಿಲ್ಲ. ಬೇವಿನ ಕಡ್ಡಿ ಕಚ್ಚಿದ. ಬಾಯಿ ಕಹಿಯಾಯಿತು, ಅಷ್ಟೇ.

ಬಳ್ಳಾರಿಗೆ ವಾಪಸ್ಸು ಹೋಗಿ, "ಸತ್ತಿದ್ದು ಕೊಟ್ಟೀಯಲ್ಲೋ," ಎಂದ. ಜಂಬಣ್ಣ ತಂತಿ ಸಿಕ್ಕಿಸಿ ನೋಡಿ, "ಕುಣಿಯಾಕತ್ತಾವಲ್ಲಣ್ಣ," ಎಂದ. ವ್ಯಾಪಾರಿಗಳ ಬಾಯಿ ಇರುವುದೇ ಹೀಗೆ ಎಂದುಕೊಂಡು ಎರ್ರಿಸ್ವಾಮಿ ಇನ್ನಷ್ಟು ಟ್ವೀಟರ್, ದೊಡ್ಡ ದೊಡ್ಡ ಕಂಡೆನ್ಸರ್ ಕಟ್ಟಿಸಿಕೊಂಡು ಬಂದ. ಪೆಟ್ಟಿಗೆಗೆ ಮೂರರಂತೆ ಟ್ವೀಟರ್ ಬಿದ್ದ ಮೇಲೆ, ಕಂಡೆನ್ಸರ್ ಹೆಬ್ಬೆರಳಿನ ಗಾತ್ರ ಮುಟ್ಟಿದ ಮೇಲೆ, ಕೊನೆಗೂ ದೂರದಲ್ಲಿ ಎಲ್ಲೋ 'ಚಿಲ್' ಎಂದಿತು. ಆನಂದಕ್ಕೆ ಅವನ ಕಣ್ಣು ತೇವವಾದವು. ಪಕ್ಕದ ಮನೆಯ ನಾಯಿ ಬೀದಿ ಬಿಟ್ಟು ಓಡಿತು.

ತಿರುಗಿ ನೋಡಿದರೆ ಹುಲುಗಮ್ಮನ ಕಿವಿಯಿಂದ ಬೆಳ್ಳಗೆ ಏನೋ ಇಣುಕುತ್ತಿತ್ತು.

"ಏನದು?"

"ಗಾದಿ. ಉಳಿದಿದ್ದು ನಾನು ತಗೊಂಡೀನಿ. ತಗಡಿನ ಮ್ಯಾಲ ಮೊಳಿಲೆ ಗೀರಿದಂಗ ಕೇಳತೈತ್ರಿ ಅದು."

"ಹೊಸದು, ರೂಢಿ ಆಗ್ಬೇಕು."

ಪೆಟ್ಟಿಗೆಗಳು ಬಸ್ಸಿನ ಟಾಪಿನ ಮೇಲೆ ಸಿರುಗುಪ್ಪಕ್ಕೆ ಹೋದವು. ಹುಲುಗಮ್ಮನೂ ಹೊರಟಳು. ಹೊಸ ಮನೆ ನೋಡುವ ಆಸೆ ಎಂದಳು. ಬಸ್ಕಿ ನೋಡುವ ಆಸೆಯೂ ಇದ್ದಿರಬಹುದು.

ವಿರೂಪಾಕ್ಷಪ್ಪನವರ ನಡುಮನೆಯಲ್ಲಿ ಓಣಿಯ ದೊಡ್ಡವರೆಲ್ಲ ಸೇರಿದ್ದರು. ಕ್ಯಾಸೆಟ್ ತಿರುಗಿತು. ಮದ್ದಲೆಗೆ ಎಲ್ಲರೂ ತಲೆದೂಗಿದರು. ಪಾತ್ರ ಕುಣಿಯತೊಡಗಿತು ನೋಡಿ, ಸಾಹುಕಾರರ ಮುಖ ಹುಣಸೆಕಾಯಿ ಕಚ್ಚಿದಂತಾಯಿತು. ಒಬ್ಬರಿಗೆ ಗದ್ದೆಯ ನೀರು ನೆನಪಾಯಿತು, ಇನ್ನೊಬ್ಬರಿಗೆ ಕಟ್ಟದೇ ಬಿಟ್ಟ ಎಮ್ಮೆ. ನೋಡನೋಡುತ್ತ ನಡುಮನೆ ಖಾಲಿ. ಸಾಹುಕಾರರು ಹೊಸ್ತಿಲಾಚೆ ಕಿವಿ ಮುಚ್ಚಿ ನಿಂತಿದ್ದರು.

ಒಳಗೆ ಉಳಿದವರು ಎರ್ರಿಸ್ವಾಮಿ, ಕಿವಿಯಲ್ಲಿ ಹತ್ತಿಯಿಟ್ಟ ಹುಲುಗಮ್ಮ, ಗೋಡೆ ಪಕ್ಕದ ಮಂಚದಲ್ಲಿ ನಗುನಗುತ್ತ ಕೂತಿದ್ದ ಸಾಹುಕಾರರ ಮುದಿ ತಾಯಿ ಚನ್ನವೀರಮ್ಮ.

"ನೋಡ್ರಿ ಸಾವ್ಕಾರ್ರ," ಎರ್ರಿಸ್ವಾಮಿ ಎದೆಯುಬ್ಬಿಸಿದ, "ಹಳೇ ಕಾಲದ ಕಿವಿಗೆ ಗೊತ್ತಾಗೈತಿ. ಅಮ್ಮಾರ, ಗೆಜ್ಜಿ ಹೆಂಗೈತ್ರಿ?"

"ಆಂ?"

"ಗೆಜ್ಜಿ."

"ಗೆಜ್ಜಿ ಕೇಳದ ಭಾಳ ವರ್ಷ ಆತಪಾ. ಮದ್ದಲಿ ಕೇಳತೈತಿ, ಸಾಕು. ಗುಬ್ಬಿ ಸೈತ ಈಗ ಸುಮ್ನ ಬಾಯಿ ತಗದು ಬಾಯಿ ಮುಚ್ಚತಾವು."

ಎರ್ರಿಸ್ವಾಮಿಯ ಎದೆ ಉಬ್ಬಿದ ಕಡೆಯೇ ನಿಂತಿತು. ಅವನ ಅಂಗಡಿಯ ಜಂತಿಯಲ್ಲೂ ಗುಬ್ಬಿಗಳಿದ್ದವು. ಅವೇಕೆ ಈಚೆಗೆ ಮೂಕವಾಗಿವೆ ಎಂದು ಅವನಿಗೂ ಸೋಜಿಗವಾಗಿತ್ತು. ವಯಸ್ಸು ಐವತ್ತರ ಮೇಲೆ. ಮದುವೆ, ಎಲೆಕ್ಷನ್ನು, ಉರುಸು ಎಂದು ಅರ್ಧ ಆಯಸ್ಸನ್ನು ಮೈಕಿನ ಹಾರ್ನಿನ ಕೆಳಗೇ ಕಳೆದಿದ್ದ. ಕ್ಯಾಸೆಟ್ಟಿನಲ್ಲಿ ಗೆಜ್ಜೆ ಇತ್ತು. ಮೊದಲ ದಿನವೂ ಇತ್ತು.

"ಏನಪಾ ಕಿವಿಸ್ವಾಮಿ," ಹೊಸ್ತಿಲಿನಿಂದ ಸಾಹುಕಾರರು ಕೂಗಿದರು, "ಬೋರ್ಡು ಇಳಸ್ತೀಯೇನು?"

ಸಿರುಗುಪ್ಪದ ಕರೆಂಟೇ ಸರಿಯಿಲ್ಲ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ಕರೆಂಟಂತೂ ನಿಜವಾಗಿಯೂ ಸರಿಯಿರಲಿಲ್ಲ. ಅಷ್ಟರಲ್ಲಿ ಹುಲುಗಮ್ಮನ ಕಿವಿಯ ಹತ್ತಿ ಕಣ್ಣಿಗೆ ಬಿತ್ತು.

ಕ್ಯಾಸೆಟ್ ನಿಲ್ಲಿಸಿ, ಕೈಸನ್ನೆಯಲ್ಲಿ ತೋರಿಸುತ್ತ ಅಂದ: "ಹುಲುಗೀ, ಹತ್ತಿ ತಗಿ. ಬಂದು ಪೆಟ್ಟಿಗಿ ಮುಂದ ಕೂಡು. ನನಗ ಕೇಳವಲ್ದು."

ಹುಲುಗಮ್ಮ ಹೊಸ ಸೋಫಾದ ನಡುಮಧ್ಯೆ ಕಾಲು ಮಡಿಚಿ ಕೂತಳು. ಎರ್ರಿಸ್ವಾಮಿ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಪೆಟ್ಟಿಗೆಗೊಂದು ಉಳಿಸಿ ಮಿಕ್ಕ ಟ್ವೀಟರ್ ಒಂದೊಂದಾಗಿ ಕಳಚಿ, ಕ್ಯಾಸೆಟ್ ಮತ್ತೆ ಹಾಕಿದ.

"ಈಗ?"

"ಇನ್ನಾ ತಗಡ ಐತಿ."

ದೊಡ್ಡ ಕಂಡೆನ್ಸರ್ ಕಿತ್ತು, ಜಂಬಣ್ಣ ಮೊದಲು ಕೊಟ್ಟಿದ್ದ ಸಣ್ಣದನ್ನು ಜೇಬಿನಿಂದ ತೆಗೆದು ಹಾಕಿದ. ಅವನ ಪಾಲಿಗೆ ಗೆಜ್ಜೆ ಪೂರ್ತಿ ಸತ್ತುಹೋಯಿತು. "ಈಗ?"

ಹುಲುಗಮ್ಮ ಪೆಟ್ಟಿಗೆಯ ಕಡೆ ಬಾಗಿದಳು. "ಕಾದ ಎಣ್ಣ್ಯಾಗ ಸಾಸಿವಿ ಸಿಡಿಯಾಕತ್ತಾವು," ಎಂದಳು. "ಆ ಕುಣಿಯಾಕಿ ಎಡಗಾಲ ಗೆಜ್ಜಿ ಸಡ್ಲ ಐತಿ ನೋಡ್ರಿ."

ಗದ್ದೆಗೆ ಹೋದವರು, ಎಮ್ಮೆ ಕಟ್ಟಲು ಹೋದವರು ಮೆಲ್ಲಗೆ ಒಳಬಂದು ಕೂತರು. ವಿರೂಪಾಕ್ಷಪ್ಪನವರ ತೊಡೆಯ ಮೇಲೆ ಬೆರಳು ತಾಳ ಹಾಕತೊಡಗಿದವು. ಕ್ಯಾಸೆಟ್ ಮುಗಿಯುತ್ತಲೇ ಎರ್ರಿಸ್ವಾಮಿ ಎದ್ದು ಕಿವಿ ಹಿಡಿದು ಬಸ್ಕಿಗೆ ಬಗ್ಗಿದ.

"ಏ, ಕೂಡಪಾ," ಎಂದರು ಸಾಹುಕಾರರು. "ಕೆಟ್ಟ ಕಿವಿ ಹಿಡಕೊಂಡು ಏನ್ ಮಾಡ್ತಿ. ಪೆಟ್ಟಿಗಿ ಇಲ್ಲೇ ಇರ್ಲಿ. ಮುಂದ ಏನರ ಕೆಟ್ರ ಹುಲುಗಮ್ಮನ್ನ ಕಳಿಸು, ನೀ ಬ್ಯಾಡ."

ಬೋರ್ಡು ಇಳಿಯಲಿಲ್ಲ. ಎರ್ರಿಸ್ವಾಮಿ ಈಗಲೂ ಕಡ್ಡಿ ಕಚ್ಚುತ್ತಾನೆ, ಕಣ್ಣು ಮುಚ್ಚುತ್ತಾನೆ, ಗಿರಾಕಿಗಳಿಗೆ ಆ ಆಟ ಬೇಕಲ್ಲ. ತೀರ್ಪು ಮಾತ್ರ ಅಂಗಡಿಯ ಒಳಕೋಣೆಯಿಂದ ಬರುತ್ತದೆ. ಅದಕ್ಕೆ ಹುಲುಗಮ್ಮ ಮೊದಲು ವಸೂಲು ಮಾಡಿದ್ದು ಒಂದು ಹೊಸ ಗಾದಿ.

ಮುಂಜಾನೆ ಬಾಗಿಲು ತೆಗೆದಾಗ ಅವನು ಜಂತಿಯ ಕಡೆ ಕತ್ತೆತ್ತಿ ಕೇಳುತ್ತಾನೆ: "ಕೂಗಾಕತ್ತಾವೇನು?"

"ಒಂದ ಸಮ," ಎನ್ನುತ್ತಾಳೆ ಹುಲುಗಮ್ಮ. "ನಿಮ್ಮನ್ನ ಬೈಯಾಕತ್ತಾವು."