ಅವ್ವನಿಗೆ ಮಣ್ಣು ಕೊಡಲು ಹೋದ ದಿನ

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮರುವಾರ ನಡೆದದ್ದು ಇದು. ನಾನು ಕಾಲೇಜಿನಲ್ಲಿ ಸಮಾಜಕಾರ್ಯ ವಿಷಯ ಪಾಠ ಮಾಡುವವಳು. ಹುಟ್ಟೂರು ರಾಮದುರ್ಗ. ಆಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಲಿಂಗತ್ವ ಅಲ್ಪಸಂಖ್ಯಾತರ ಬದುಕಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು, ತಾನು ಎರಡೂ ಅಲ್ಲ ಎನ್ನುವವರು, ಎಲ್ಲರನ್ನೂ ಅವರವರ ಊರಿಗೇ ಹೋಗಿ ಮಾತಾಡಿಸುತ್ತಿದ್ದೆ. ಉಂಡಿರಾ, ನಿದ್ದೆ ಬರುತ್ತದೆಯೇ, ಮೈಯಲ್ಲಿ ಹುಷಾರಿಲ್ಲದಾಗ ಯಾರು ನೋಡುತ್ತಾರೆ, ಮನೆಯವರು ಮಾತಾಡಿಸುತ್ತಾರೆಯೇ, ಇಂಥವೇ ಪ್ರಶ್ನೆಗಳು.

ಹಾಗೆ ಪರಿಚಯವಾದವಳು ಸುರೇಖಾ. ಇದು ನಾನಿಟ್ಟ ಹೆಸರು. ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಸಂಪಗಾಂವ ಹತ್ತಿರದ ಹಳ್ಳಿಯೊಂದರ ಒಕ್ಕಲುತನದ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದ್ದಳು. ಇಪ್ಪತ್ತರ ವಯಸ್ಸಿಗೆ ಮನೆ ಬಿಟ್ಟು ಎಲ್ಲೆಲ್ಲೋ ಇದ್ದು, ಕೊನೆಗೆ ಸವದತ್ತಿಗೆ ಬಂದು ಒಂದು ಖೋಲಿ ಹಿಡಿದಿದ್ದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಕೆಲಸ. ಸವದತ್ತಿ ಎಂದ ಕೂಡಲೇ ಎಲ್ಲರೂ ಅವಳನ್ನು ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟ ಜೋಗಪ್ಪ ಎಂದುಕೊಳ್ಳುತ್ತಿದ್ದರು. ಅವಳು ಅಲ್ಲ ಎನ್ನುತ್ತಿದ್ದಳು. "ದೇವರು ನನಗ ಸೀರಿ ಉಡಂತ ಹೇಳಿಲ್ರಿ ಅಕ್ಕಾರ. ನನಗ ಉಡಬೇಕ ಅನಿಸ್ತು, ಉಟ್ಟೆ" ಎಂದು ಮೊದಲ ಭೇಟಿಯಲ್ಲೇ ಹೇಳಿದ್ದಳು. ನಮ್ಮ ಕಡೆ ಮಾಸ್ತರಿಕೆ ಮಾಡುವ ಹೆಂಗಸರನ್ನು ಅಕ್ಕಾರ ಎಂದೇ ಕರೆಯುವುದು.

ಅಂದು ಬೆಳಿಗ್ಗೆ ನಾನು ಅವಳ ಖೋಲಿಯಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದೆ. ಅವಳು ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದಳು. ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿ ಕಿವಿಗಿಟ್ಟುಕೊಂಡಳು. "ಹೂಂ... ಯಾವಾಗ... ಹೂಂ" ಎಂದಷ್ಟೇ ಅಂದಳು. ಫೋನು ಕೆಳಗಿಟ್ಟು, ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿ, ಅದು ಬೇಯುವವರೆಗೆ ಕಾದು, ತೆಗೆದು ಬುಟ್ಟಿಗೆ ಹಾಕಿ, ಒಲೆ ಆರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮವ್ವ ಹ್ವಾದ್ಲಂತ್ರಿ" ಎಂದಳು.

ಫೋನು ಮಾಡಿದವಳು ಊರಿನ ನೆರೆಮನೆಯ ಪಾರವ್ವ. ಮನೆಯವರಿಗೆ ಗೊತ್ತಾಗದಂತೆ ವಾರಕ್ಕೊಮ್ಮೆ ತಾಯಿ ಮಗಳನ್ನು ತನ್ನ ಫೋನಿನಲ್ಲಿ ಮಾತಾಡಿಸುತ್ತಿದ್ದವಳು ಅವಳೇ. ಸುರೇಖಾ ತಮ್ಮನಿಗೆ ಫೋನು ಹಚ್ಚಿದಳು. ನಾಲ್ಕೈದು ಸಲ ಹಚ್ಚಿದ ಮೇಲೆ ಅವನು ಎತ್ತಿದ. ಖೋಲಿ ಸಣ್ಣದು, ಅವನ ಮಾತು ನನಗೂ ಕೇಳಿತು.

"ಬರಬ್ಯಾಡ. ನಿನ್ನ ಕೈ ಮುಗೀತೇನಿ. ಮಗಳ ಲಗ್ನದ ಮಾತ ನಡದೈತಿ. ಬೀಗರೆಲ್ಲಾ ಬಂದ ಕುಂತಾರ."

"ಅವ್ವನ ಮಾರಿ ಒಮ್ಮೆ ನೋಡಿ ಹೊಳ್ಳಿ ಬರತೇನೋ" ಎಂದಳು ಸುರೇಖಾ. ಅಷ್ಟರಲ್ಲಿ ಅವನು ಫೋನು ಇಟ್ಟಿದ್ದ.

ಅವಳು ಅಳಲಿಲ್ಲ. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು ಬಂದಳು. ಸೀರೆ ಉಟ್ಟಳು. "ಬೈಲಹೊಂಗಲದ ಬಸ್ ಎಷ್ಟೊತ್ತಿಗೈತೋ ಏನೋ" ಎಂದು ತನಗೆ ತಾನೇ ಹೇಳಿಕೊಂಡಳು. ನನ್ನ ಹಳೆಯ ಕಾರು ಹೊರಗೇ ನಿಂತಿತ್ತು. "ನಡಿ, ನಾ ಕರಕೊಂಡು ಹೋಗ್ತೀನಿ" ಎಂದೆ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ದಾಟಿ ಮುಂದೆ ಹೋಗುವುದೇ ಕಷ್ಟ. ಒಂದನ್ನು ದಾಟಿದ ಮೇಲೆ ಸುರೇಖಾ ಮಾತಾಡಿದಳು.

"ನಮ್ಮವ್ವ ಫೋನಿನ್ಯಾಗ ಮೊದಲೆಲ್ಲಾ ಯಪ್ಪಾ, ಉಂಡಿ? ಅಂತಿದ್ಲರಿ. ಗಂಡು ಮಕ್ಕಳಿಗೆ ಅಂತಾರಲ್ಲ, ಹಂಗ. ಈ ಸಲ ದೀಪಾವಳಿಗೆ ಯವ್ವಾ, ಉಂಡಿ? ಅಂದ್ಲು. ಬಾಯಿ ತಪ್ಪಿ ಬಂತೋ ಏನೋ ಅಂತ ನಾ ಸುಮ್ನಿದ್ದೆ. ಮುಂದಿನ ವಾರನೂ ಹಂಗ ಅಂದ್ಲು."

ನಾನು ರಸ್ತೆ ನೋಡುತ್ತ ಗಾಡಿ ಓಡಿಸಿದೆ.

ಊರಿನ ಹೊರಗೆ, ಹೊಲದ ಪಂಪಿನ ಕೋಣೆಯೊಂದರ ಹತ್ತಿರ ನಿಲ್ಲಿಸಲು ಹೇಳಿದಳು. ಅಲ್ಲಿಂದ ಭಜನೆಯ ತಾಳ ಸಣ್ಣಗೆ ಕೇಳುತ್ತಿತ್ತು. ಇಳಿಯಲು ಬಾಗಿಲು ತೆರೆದವಳು ಮತ್ತೆ ಹಾಕಿಕೊಂಡಳು. "ಹುಡುಗಿ ಲಗ್ನ ನನ್ನಿಂದ ಮುರಿದ್ರ ಅವ್ವನ ಆತ್ಮಕ್ಕ ನೆಟ್ಟಗ ಅನ್ನಸಾಂಗಿಲ್ಲ. ನೀವ ಹೋಗಿ ನೋಡ್ಕೊಂಡ ಬರ್ರಿ ಅಕ್ಕಾರ. ನೋಡಿದ್ದ ನನಗ ಹೇಳ್ರಿ, ಸಾಕು."

ನಾನು ಒಬ್ಬಳೇ ನಡೆದು ಹೋದೆ.

ನಮ್ಮದು ವೈದಿಕರ ಮನೆತನ. ಸತ್ತವರನ್ನು ಮಲಗಿಸಿರುವುದನ್ನಷ್ಟೇ ಕಂಡವಳು ನಾನು. ಆ ಲಿಂಗಾಯತರ ಮನೆಯ ಪಡಸಾಲೆಯಲ್ಲಿ ತಾಯಿಯನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು. ಬಂದವರನ್ನು ಮಾತಾಡಿಸಲು ಕುಳಿತ ಹಾಗೆ ಕಾಣುತ್ತಿದ್ದಳು. ಗಂಡಸರು ಅಂಗಳದಲ್ಲಿ ಭಜನೆ ಮಾಡುತ್ತಿದ್ದರು. ಹೆಂಗಸರು ತಾಯಿಯ ಸುತ್ತ ಕುಳಿತು ಹಾಡಿಕೊಂಡು ಅಳುತ್ತಿದ್ದರು. ನಾನು ಕೈ ಮುಗಿದು ನಿಂತೆ. ಎಷ್ಟು ಸಾಧ್ಯವೋ ಅಷ್ಟನ್ನೂ ಕಣ್ಣಲ್ಲಿ ತುಂಬಿಕೊಳ್ಳಬೇಕೆಂದು ಆ ಮುಖವನ್ನೇ ನೋಡಿದೆ. ಗುರುತಿಲ್ಲದ ಹೆಂಗಸೊಬ್ಬಳು ಹೀಗೆ ನೋಡುತ್ತಿರುವುದು ಕಂಡು ಒಬ್ಬ ಗಂಡಸು ಎದ್ದು ಬಂದ. ಅವನೇ ತಮ್ಮ, ಮಲ್ಲಪ್ಪ. ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು. ನನ್ನನ್ನು ದನ ಕಟ್ಟುವ ಜಾಗದ ಕಡೆಗೆ ಕರೆದುಕೊಂಡು ಹೋದ.

"ಬಾಯಾರ, ನೀವು ಸವದತ್ತಿಯಿಂದ ಬಂದೀರೇನ್ರಿ?"

"ಹೌದು."

"ಅಂವನೂ ಬಂದಾನೇನ್ರಿ?"

"ಬಂದಾಳ. ಊರ ಹೊರಗ ಕೂತಾಳ" ಎಂದೆ.

ಅವನು ನೆಲ ನೋಡುತ್ತ ನಿಂತ. "ಮುತ್ತ ಕಟ್ಟಿಸ್ಕೊಂಡ ಜೋಗಪ್ಪ ಆಗಿದ್ರ ಇದ ಊರ ಮಂದಿ ಕೈ ಮುಗಿದ ಒಳಗ ಕರಕೊಳ್ತಿದ್ರರಿ. ಇದಕ್ಕ ನಾ ಏನಂತ ಹೇಳ್ಲಿ?"

"ಹೆಂಗಸರ ನಡುವ ಒಂದು ಗಳಿಗೆ ಕೂತು ಹೋಗ್ತಾಳ. ಸೆರಗು ಹೊದ್ದಕೊಂಡ್ರ ಯಾರಿಗೂ ತಿಳಿಯೂದಿಲ್ಲ."

"ಊರಾಗ ತಿಳೀದ ಇರತೈತೇನ್ರಿ ಬಾಯಾರ" ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸೋತ ಧ್ವನಿ ಅದು. ನನ್ನನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದ. ಬರುವಾಗ ಕೈಯಲ್ಲಿ ಒಂದು ಕೈಚೀಲವಿತ್ತು. ಅದರಲ್ಲಿ ಇಸ್ತ್ರಿ ಮಾಡಿದ ಅವನ ಬಿಳಿ ಅಂಗಿ, ಧೋತರ, ಒಂದು ಟಾವೆಲು.

"ಇದನ್ನ ಹಾಕ್ಕೊಂಡ ಬರೂದಿದ್ರ ಬರ್ಲಿ. ಹಿರೇ ಮಗ ಅಂವ. ಅಣ್ಣನ ಕೈಯಿಂದ ಅವ್ವಗ ಮಣ್ಣ ಬೀಳ್ಲಿ ಅಂತ ನನಗೂ ಐತ್ರಿ."

ಚೀಲ ಹಿಡಿದು ವಾಪಸು ಬಂದೆ. ಅಷ್ಟು ಭಾರದ ಚೀಲವನ್ನು ನಾನು ಹೊತ್ತದ್ದಿಲ್ಲ ಅನ್ನಿಸಿತು. ಕಾರಿನಲ್ಲಿ ಕುಳಿತ ಸುರೇಖಾ ಮೊದಲು ಚೀಲದ ಕಡೆ ನೋಡಲೇ ಇಲ್ಲ.

"ಹೆಂಗದಾಳ್ರಿ? ಯಾವ ಸೀರಿ ಉಡಿಸ್ಯಾರ?"

"ಹಸರು ಇಳಕಲ್ ಸೀರಿ. ಕೆಂಪು ಸೆರಗು."

"ಕಣ್ಣ ಪೂರ್ತಿ ಮುಚ್ಯಾವೇನ್ರಿ? ಬಾಯಿ?"

"ಮುಚ್ಯಾವ. ಕುಂತಲ್ಲೇ ನಿದ್ದಿ ಹತ್ತಿದಂಗ ಇದ್ದಾರ."

"ಮೂಗಬಟ್ಟ ಮೂಗಿನ್ಯಾಗ ಐತೋ ತಗದಾರೋ?"

ಅದೊಂದು ನನಗೆ ನೆನಪಾಗಲಿಲ್ಲ. ಅಷ್ಟು ಹೊತ್ತು ನೋಡಿದ್ದೆ, ಆದರೂ ನೆನಪಾಗಲಿಲ್ಲ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಆಗ ನಾನು ಚೀಲ ಕೊಟ್ಟು ಮಲ್ಲಪ್ಪನ ಮಾತನ್ನು ಹೇಳಿದೆ.

ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಅದರ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿ, "ನೀವೇನಂತೀರಿ ಅಕ್ಕಾರ?" ಎಂದಳು.

"ಇದರಾಗ ನಾ ಹೇಳೂ ಮಾತಿಲ್ಲ ಸುರೇಖಾ. ಹೋದ್ರೂ ಸರಿ, ಹೋಗದಿದ್ರೂ ಸರಿ. ನಾ ನಿನ್ನ ಜೋಡಿ ಇರ್ತೀನಿ."

ಅಷ್ಟರಲ್ಲಿ ಊರ ಕಡೆಯಿಂದ ಹಲಗೆ ಬಾರಿಸುವ ಸದ್ದು ಶುರುವಾಯಿತು. ಹೊರಡುವ ಹೊತ್ತು ಬಂದಿತ್ತು. ಅವಳು ಇಳಿದು ಪಂಪಿನ ಕೋಣೆಯ ಹಿಂದೆ ಹೋದಳು.

ಹೊರಗೆ ಬಂದವರನ್ನು ನಾನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಕೂದಲನ್ನು ಟಾವೆಲಿನೊಳಗೆ ಸುತ್ತಿದ್ದಳು. ಕುಂಕುಮ ಒರೆಸಿಕೊಂಡಿದ್ದಳು. ಬಳೆ, ಕಿವಿಯೋಲೆಗಳನ್ನು ನನ್ನ ಕೈಗೆ ಹಾಕಿ ಮುಂದೆ ನಡೆದಳು. ನಡಿಗೆ ಕೂಡ ಬೇರೆಯಾಗಿತ್ತು. ಇಪ್ಪತ್ತು ವರ್ಷದ ಮೇಲೂ ಆ ನಡಿಗೆ ಅವಳಿಗೆ ನೆನಪಿತ್ತು. ಬಳೆಗಳನ್ನು ಚೀಲಕ್ಕೆ ಹಾಕಿಕೊಂಡು ನಾನು ಹಿಂದೆ ನಡೆದೆ.

ಮನೆಯ ಮುಂದೆ ಜನ ದಾರಿ ಬಿಟ್ಟರು. ಹಿರಿಯರೊಬ್ಬರು ಭುಜ ಮುಟ್ಟಿ, "ಬಂದೇನೋ ತಮ್ಮಾ? ಛಲೋ ಆತ ಬಿಡು, ಅವ್ವನ ನೆವದಿಂದರ ದಾರಿಗೆ ಬಂದಿ" ಎಂದರು. ಹಲವರು ಅವಳನ್ನು ಹಳೆಯ ಹೆಸರು ಹಿಡಿದು ಕರೆದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ತಾಯಿಯ ಮುಂದೆ ಹೋಗಿ ನಿಂತಾಗ ಹೆಂಗಸರ ಅಳು ಜೋರಾಯಿತು. "ನಮ್ಮ ಹಡದವ್ವಾ, ಹಿರೇ ಮಗ ಬಂದಾನ ನೋಡಬಾರವ್ವಾ" ಎಂದು ಒಬ್ಬಳು ರಾಗ ತೆಗೆದಳು. ಉಳಿದವರು ದನಿಗೂಡಿಸಿದರು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತ ತಾಯಿಯ ಮುಂದೆ ಹಾಗೆ ಮಾತು ಕಟ್ಟಿ ಹಾಡಿಕೊಂಡು ಅಳುತ್ತಾರೆ. ಗಂಡುಮಕ್ಕಳು ಹಾಗೆ ಹಾಡಿಕೊಂಡು ಅಳುವುದಿಲ್ಲ. ಅಂಗಿ ಹಾಕಿಕೊಂಡವಳು ಟಾವೆಲಿನ ಚುಂಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದಳು. ನಾನು ಹೆಂಗಸರ ಗುಂಪಿನಲ್ಲಿದ್ದೆ. ಅವಳು ಒಮ್ಮೆ ನಮ್ಮ ಕಡೆ ನೋಡಿದಳು. ಅವಳು ಕುಳಿತು ಅಳಬೇಕಾದ ಜಾಗದಲ್ಲಿ ನಾನು ನಿಂತಿದ್ದೇನೆ ಎಂದು ಆಗ ಹೊಳೆಯಿತು.

ಅವರ ಹೊಲದಲ್ಲೇ ಕುಣಿ ತೋಡಿದ್ದರು. ಅಣ್ಣ ತಮ್ಮ ಸೇರಿ ತಾಯಿಯನ್ನು ಒಳಗೆ ಇಳಿಸಿದರು. ಮೊದಲ ಹಿಡಿ ಮಣ್ಣನ್ನು ಹಿರೇ ಮಗ ಹಾಕಬೇಕೆಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಹೇಳಿದರು. ಸುರೇಖಾ ಹಾಕಿದಳು. ಮಲ್ಲಪ್ಪ ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಗಟ್ಟಿಯಾಗಿ ಅತ್ತ.

ಊಟ ಮಾಡಿ ಹೋಗೆಂದು ಬಹಳ ಹೇಳಿದರು. ಅವಳು ನಿಲ್ಲಲಿಲ್ಲ.

ಬೈಲಹೊಂಗಲ ದಾಟಿ ಸ್ವಲ್ಪ ದೂರ ಬಂದ ಮೇಲೆ, "ಗಾಡಿ ನಿಂದರಸ್ರಿ" ಎಂದಳು. ಹೊತ್ತು ಇಳಿಯುತ್ತಿತ್ತು. ಕಬ್ಬು ಕಡಿದು ಖಾಲಿಯಾದ ಹೊಲವೊಂದರಲ್ಲಿ ಆ ಬಿಳಿ ಅಂಗಿಯಲ್ಲೇ ದೂರ ನಡೆದು ಹೋದಳು. ನೆಲದ ಮೇಲೆ ಕುಳಿತದ್ದು ಕಾಣಿಸಿತು. ತಲೆಯ ಟಾವೆಲು ಬಿಚ್ಚಿದಳು. ಆಮೇಲೆ ದನಿ ಕೇಳಿತು. "ನನ್ನ ಹಡದವ್ವಾ, ನನಗ ಯವ್ವಾ ಅಂದ ಕರದಾಕೆ, ಇನ್ನ ಯಾರ ಕರೀತಾರವ್ವಾ" ಎಂದು ರಾಗ ತೆಗೆದು ಹಾಡಿಕೊಂಡು ಅಳುತ್ತಿದ್ದಳು. ರಸ್ತೆಯಲ್ಲಿ ಟ್ರ್ಯಾಕ್ಟರು ಬಂದಾಗಲೆಲ್ಲ ಆ ದನಿ ಮುಚ್ಚಿಹೋಗುತ್ತಿತ್ತು, ಅದು ದಾಟಿದ ಮೇಲೆ ಮತ್ತೆ ಕೇಳುತ್ತಿತ್ತು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ಬಾಗಿಲು ತೆರೆದಿಟ್ಟು ಕಾರಿನಲ್ಲೇ ಕುಳಿತು ನಾನೂ ಅತ್ತೆ.

ಕೆಲವು ದಿನ ಬಿಟ್ಟು ಮಲ್ಲಪ್ಪ ಅವಳಿಗೆ ಫೋನು ಮಾಡಿದ್ದನಂತೆ. ದಿನದ ಕಾರ್ಯಕ್ಕೆ ಬಾ, ಊರ ಮಂದಿ ಒಳ್ಳೆಯ ಮಾತಾಡಿದ್ದಾರೆ, ಅಂದು ಬಂದ ಹಾಗೇ ಅಂಗಿ ಹಾಕಿಕೊಂಡು ಇರುವುದಾದರೆ ಇಲ್ಲೇ ಬಂದು ಇರು, ಒಂದು ಖೋಲಿ ಬಿಟ್ಟುಕೊಡುತ್ತೇನೆ ಎಂದನಂತೆ. ಅವನು ಪ್ರೀತಿಯಿಂದಲೇ ಕರೆದಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ. ಸುರೇಖಾ ಹೋಗಲಿಲ್ಲ. ಬೇರೆ ಯಾವ ವಿಷಯಕ್ಕೂ ಅವನು ಮತ್ತೆ ಫೋನು ಮಾಡಲಿಲ್ಲ. ಅವನ ಮಗಳ ಲಗ್ನ ಆಯಿತೆಂದು ಪಾರವ್ವನಿಂದ ಗೊತ್ತಾಯಿತು.

ಆಮೇಲೆ ನಾನು ಸವದತ್ತಿಗೆ ಹೋದಾಗ ಅವಳು ಸೊರಗಿದ್ದಳು. ರೊಟ್ಟಿಯ ಕೆಲಸ ಅರ್ಧಕ್ಕಿಳಿದಿತ್ತು. ಚಹಾ ಮಾಡಿ ಕೊಟ್ಟಳು. ಸಮಾಧಾನ ಹೇಳಬೇಕೆಂದು ನಾನು, "ಏನರ ಆಗ್ಲಿ, ಅವ್ವಗ ನಿನ್ನ ಕೈಲೇ ಮಣ್ಣು ಬಿತ್ತಲ್ಲ" ಎಂದೆ.

ಅವಳು ಹೊರಗೆ ನೋಡುತ್ತ ಕುಳಿತಿದ್ದಳು. "ಮಣ್ಣ ಕೊಟ್ಟಾಂವ ಅಂವ್ರಿ ಅಕ್ಕಾರ, ಅವರ ಹಿರೇ ಮಗ" ಎಂದಳು. "ನಾ ಇನ್ನಾ ಕೊಟ್ಟಿಲ್ಲ."

ನನ್ನ ಸಂಶೋಧನೆ ಮುಗಿದಿದೆ. ಮನೆಮಂದಿ ಸೇರಿಸಿಕೊಂಡರೆ ಇವರ ನೋವು ಅರ್ಧ ಕಡಿಮೆಯಾಗುತ್ತದೆ ಎಂದು ಅದಕ್ಕೆ ಮೊದಲು ನಾನು ತರಗತಿಯಲ್ಲಿ ಸರಾಗವಾಗಿ ಹೇಳುತ್ತಿದ್ದೆ. ಈಗ ಆ ಮಾತು ಬಂದಾಗ, ಸೇರಿಸಿಕೊಂಡದ್ದು ಯಾರನ್ನು ಎಂದು ಮೊದಲು ಕೇಳಬೇಕು ಅನ್ನಿಸುತ್ತದೆ. ಅಂದು ಆ ಖೋಲಿಯಲ್ಲಿ ನನ್ನ ಚಹಾ ಆರಿಹೋಗಿತ್ತು. ಅವಳು ಲೋಟ ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದಳು.