ಬ್ಯಾಳಿಗೆ ಬೆರೆಸಿದ ಪುಡಿ

ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಹರಿದ ಎಳೆಯನ್ನು ಕಣ್ಣುಮುಚ್ಚಿ ಜೋಡಿಸುವವನೆಂದು ಕಾಮಣ್ಣನಿಗೆ ಹೆಸರಿತ್ತು. ಈಗ ಬೆಳಗಿನ ಪಾಳಿಯಲ್ಲಿ ಬೆರಳು ನಡುಗಿ ಎಳೆ ಕೈಗೇ ಸಿಗುತ್ತಿರಲಿಲ್ಲ. ಸರಕಾರದ ದಾರೂಬಂದಿ ಬಂದು ಕುಡಿತವೇ ಅಪರಾಧವಾದ ಮೇಲೆ ಅವನು ಕದ್ದು ಕುಡಿಯುವುದನ್ನು ಕಲಿತಿದ್ದ. ಹಾತಭಟ್ಟಿಯ ಕಳ್ಳ ಸಾರಾಯಿ ಒಂದು ಗುಟುಕು ಒಳಗೆ ಹೋದರೆ ನಡುಕ ನಿಲ್ಲುತ್ತಿತ್ತು; ಹಾಗಾಗಿ ಅದನ್ನು ಔಷಧವೆಂದೇ ನಂಬಿದ್ದ.

ಈ ನಡುಕಕ್ಕೆ ಕಾರಣ ಯಾರೆಂಬ ಅವನ ಅನುಮಾನವೆಲ್ಲ ಹೆಂಡತಿ ಪಾರ್ವತಿಬಾಯಿಯ ಮೇಲೆ. ಅವಳು ಬಡಿಸಿದ ಬ್ಯಾಳಿ ಸಾರು ಕಹಿಯಾಗಿರುತ್ತಿತ್ತು, ಉಂಡ ಮೇಲೆ ಹೊಟ್ಟೆ ತೊಳಸುತ್ತಿತ್ತು. ಒಮ್ಮೆ ಸುಮ್ಮನೆ ತನ್ನ ತಾಟನ್ನೂ ಅವಳ ತಾಟನ್ನೂ ಅದಲುಬದಲು ಮಾಡಿದ. ಅವಳ ಮುಖ ಬಿಳಿಚಿತು. ನೊಣ ಬಿದ್ದಿದೆ ಎಂದು ಬ್ಯಾಳಿಯನ್ನು ಚೆಲ್ಲಿಬಿಟ್ಟಳು. ಅವನಿಗೆ ನೊಣ ಕಂಡಿರಲಿಲ್ಲ. ಅಂದಿನಿಂದ ಮನೆಯ ಊಟ ಬಿಟ್ಟ; ಕುಡಿತ ಇಮ್ಮಡಿಯಾಯಿತು.

ತವರಿಗೆ ಹೋಗಿಬರುತ್ತೇನೆಂದು ಅವಳು ಅಕ್ಕಲಕೋಟಕ್ಕೆ ಹೊರಟ ದಿನ, ಕಾಮಣ್ಣ ತಲೆಗೆ ಟಾವೆಲ್ ಸುತ್ತಿಕೊಂಡು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ. ಇಳಿದವಳು ತವರಿನ ಓಣಿ ದಾಟಿ ಡಾಕ್ಟರ್ ಅಣ್ಣಾರಾಯರ ದವಾಖಾನೆಗೆ ಹೋದಳು. ಸೆರಗಿನ ಗಂಟು ಬಿಚ್ಚಿ ಒಂದು ಪುಡಿಕೆಯನ್ನು ಮೇಜಿನ ಮೇಲಿಟ್ಟಿದ್ದು ಅವನಿಗೆ ಕಿಟಕಿಯಿಂದಲೇ ಕಂಡಿತು. ಒಳಗೆ ನುಗ್ಗಿದ.

“ನನಗ ವಿಷಾ ಹಾಕಾಕತ್ತೀದಿ, ಹೌದಿಲ್ಲೋ?”

ಪಾರ್ವತಿಬಾಯಿ ತಲೆ ತಗ್ಗಿಸಲಿಲ್ಲ. “ಹಾಕೀನಿ. ಕುಡಿಯೂದು ಬಿಡಸ್ತೈತಿ ಅಂತ ಬಾಜಾರದಾಗ ಒಬ್ಬಾಕಿ ಕೊಟ್ಟಳು. ಹೇಳಿದ್ರ ನೀವು ಉಣ್ತಿದ್ದಿಲ್ಲ. ಈಗ ನೀವು ಸೊರಗೂದು ನೋಡಿ ನನಗ ಅಂಜಿಕಿ ಬಂದೈತಿ.”

ಡಾಕ್ಟರು ಪುಡಿಯನ್ನು ಮೂಸಿ ನೋಡಿ, ಏನೆಂದು ಗೊತ್ತಿಲ್ಲದ್ದನ್ನು ಯಾರಿಗೂ ಕದ್ದು ಉಣಿಸಬಾರದೆಂದು ಅವಳಿಗೆ ಬಿಗಿಯಾಗಿಯೇ ಹೇಳಿದರು. ಆಮೇಲೆ ಕಾಮಣ್ಣನಿಗೆ ಕೈ ಚಾಚಲು ಹೇಳಿದರು.

“ಮುಂಜಾನಿ ನಡಗತಾವ, ಒಂದು ಗುಟುಕು ಹೋದ್ರ ನಿಲ್ತಾವ. ಹೌದೇನ್ರಿ?”

“ಯಾರು ಹೇಳಿದ್ರು ನಿಮಗ?”

“ನಿಮ್ಮ ಕೈನ ಹೇಳಾಕತ್ತಾವ. ಇದು ಬರೇ ಚಟ ಅಲ್ಲ, ಜಡ್ಡು.”

ಕಾಮಣ್ಣ ಬಾಗಿಲ ಕಡೆ ನೋಡಿದ. ಕುಡಿದೆನೆಂದು ಒಪ್ಪಿಕೊಂಡರೆ ನೇರ ಪೊಲೀಸ್ ಠಾಣೆಗೇ ಹೋಗಬೇಕಲ್ಲ! ತನ್ನ ಬಳಿಗೆ ಬಂದವನು ರೋಗಿ, ಕಳ್ಳನಲ್ಲ, ಠಾಣೆಯ ಕೆಲಸ ತನ್ನದಲ್ಲ ಎಂದರು ಡಾಕ್ಟರು. ಒಮ್ಮೆಲೇ ಒಬ್ಬನೇ ಕುಡಿತ ಬಿಡಲು ಹೋದರೆ ಫಿಟ್ಸ್ ಬಂದು ಜೀವಕ್ಕೇ ಎರವಾದೀತೆಂದು ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಸೇರಲು ಹೇಳಿದರು. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಹೋದ.

ಆಸ್ಪತ್ರೆಯ ಮೊದಲ ದಿನಗಳಲ್ಲಿ ಗೋಡೆಯ ತುಂಬ ಇರುವೆ ಹರಿದಂತೆ ಅವನಿಗೆ ಕಂಡಿತು. ನರ್ಸಮ್ಮ ಪೊಲೀಸರ ಕಡೆಯವಳೆಂದು ಹಟ ಹಿಡಿದು ಗಂಜಿ ಮುಟ್ಟಲಿಲ್ಲ. ಪಾರ್ವತಿಬಾಯಿ ಏನನ್ನೂ ವಾದಿಸದೆ, ಪ್ರತಿ ಬಟ್ಟಲಿನಿಂದ ಮೊದಲು ತಾನೊಂದು ಗುಟುಕು ಕುಡಿದು ಅವನ ಮುಂದೆ ಹಿಡಿದಳು. ಬರಬರುತ್ತ ಇರುವೆಗಳು ಮಾಯವಾದವು; ನಿದ್ದೆ ಬಂತು.

ಮತ್ತೆ ಕೆಲಸಕ್ಕೆ ಸೇರಿದ. ದೀಪಾವಳಿಗೆ ಒಮ್ಮೆ ಜಾರಿ ಕುಡಿದ. ಮರುದಿನ ಯಾರೂ ಹೇಳದೆ ತಾನೇ ಅಕ್ಕಲಕೋಟದ ಬಸ್ಸು ಹತ್ತಿ ಡಾಕ್ಟರ ಮುಂದೆ ಕೂತ. ಪಾರ್ವತಿಬಾಯಿಯ ಅನುಮಾನ ಮಾತ್ರ ಬೇಗ ಹೋಗಲಿಲ್ಲ. ಪಾಳಿ ಮುಗಿಸಿ ಬಂದವನ ಬಾಯಿ ಮೂಸದೆ ಒಳಗೆ ಬಿಡುತ್ತಿರಲಿಲ್ಲ. ಮೊದಮೊದಲು ಸಿಟ್ಟಾಗುತ್ತಿದ್ದ ಕಾಮಣ್ಣ, ಆಮೇಲೆ ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು ಅವಳು ಬರುವತನಕ ಕಾಯುತ್ತಿದ್ದ.