ಜೋಡಿಸಬಾರದ ತುಂಡುಗಳು

...ಅಥವಾ ಅದು ಬೆಳಿಗ್ಗೆ ಆಗಿರಲಿಕ್ಕಿಲ್ಲ. ಕಿಟಕಿಯಿಂದ ಬಿಸಿಲು ಬಿದ್ದಿತ್ತು ಎಂದು ಬರೆದೆ, ಆಮೇಲೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ ಎಂಬುದು ನೆನಪಾಯಿತು. ಬಿಸಿಲನ್ನು ಹೊಡೆದುಹಾಕಿದ್ದೇನೆ. ಉಳಿಯುವುದು ಇಷ್ಟು: ನನ್ನ ಎರಡು ಕೈ, ಒಂದೊಂದರಲ್ಲೂ ಮುರಿದ ಅಲ್ಯೂಮಿನಿಯಂ ಸರಳಿನ ಒಂದೊಂದು ಅರ್ಧ, ಅವೆರಡೂ ಒಂದಕ್ಕೊಂದು ಕೂತ ಆ ಕ್ಷಣ. ಕೂಡಿಸಿದೆನೋ, ಬರೀ ಹತ್ತಿರ ತಂದೆನೋ ಎಂದು ಕೆಲವು ದಿನ ನನ್ನ ಜೊತೆ ನಾನೇ ವಾದಿಸುತ್ತೇನೆ. ಕೂಡಿಸಿದೆ.

ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ನಮ್ಮ ಲ್ಯಾಬ್ ಇತ್ತು. ವಿಮಾನದ ಭಾಗಗಳಿಗೆ ಬಳಸುವ ಲೋಹವನ್ನು ಪರೀಕ್ಷಿಸುವುದು ನಮ್ಮ ಕೆಲಸ. ಪರೀಕ್ಷಿಸುವುದು ಎಂದರೆ ಹೆಚ್ಚಾಗಿ ಮುರಿಯುವುದು. ಮೊದಲ ವರ್ಷ ನಾನು ಎಳೆಯುವ ಮೆಷಿನ್ನಿನ ಮುಂದಿದ್ದೆ. ಸರಳನ್ನು ಎರಡೂ ತುದಿಯಲ್ಲಿ ಹಿಡಿದು ಎಳೆದರೆ ಕೆಲವೇ ನಿಮಿಷಗಳಲ್ಲಿ ಎರಡಾಗುತ್ತದೆ. ತುಂಡುಗಳನ್ನು ಒಡನೆ ಜೋಡಿಸಿ ಹಿಡಿದು, ಮುರಿಯುವ ಮೊದಲು ಲೋಹ ಎಷ್ಟು ಹಿಗ್ಗಿತು ಎಂದು ಅಳೆಯಬೇಕು. ದಿನವಿಡೀ ಮುರಿ, ಜೋಡಿಸು, ಅಳೆ. ಕೈ ತಾನಾಗಿ ಕಲಿತುಬಿಟ್ಟಿತ್ತು.

ಆಮೇಲೆ ನನ್ನನ್ನು ಪಕ್ಕದ ಕೋಣೆಗೆ ಹಾಕಿದರು. ಅಲ್ಲಿ ಲೋಹವನ್ನು ದಣಿಸುತ್ತಿದ್ದರು. ಸಣ್ಣ ಭಾರ, ಆದರೆ ಲಕ್ಷಗಟ್ಟಲೆ ಸಲ, ದಿನಗಟ್ಟಲೆ, ಅದು ಸೋತು ಬಿರುಕು ಬಿಡುವವರೆಗೆ. ಅಲ್ಲಿಯ ನಿಯಮ ತದ್ವಿರುದ್ಧ: ಮುರಿದ ಮುಖಗಳನ್ನು ಯಾವತ್ತೂ ಜೋಡಿಸಬಾರದು. ಬಿರುಕು ಎಲ್ಲಿ ಶುರುವಾಯಿತು ಎಂಬುದು ಆ ಮುಖದ ಮೇಲೆಯೇ ಸಣ್ಣ ಗೆರೆಗಳಾಗಿ ಉಳಿದಿರುತ್ತದೆ, ಮೈಕ್ರೋಸ್ಕೋಪಿನಲ್ಲಿ ಓದಬಹುದು. ಎರಡು ಮುಖ ಉಜ್ಜಿದರೆ ಗೆರೆ ಅಳಿಸಿಹೋಗುತ್ತದೆ.

ಆ ಸರಳುಗಳನ್ನು ಪರೀಕ್ಷೆಗೆ ಮೊದಲು ತಿಕ್ಕಿ ನುಣುಪು ಮಾಡುತ್ತಿದ್ದವರು ಉಡುಪಿ ಕಡೆಯ ಒಬ್ಬರು. ಗ್ರಾಂಟ್ ರೋಡಿನಲ್ಲಿ ಮಾವನ ಹೋಟೆಲಿನಲ್ಲಿದ್ದುಕೊಂಡೇ ರಾತ್ರಿ ಶಾಲೆ ಮುಗಿಸಿ, ಐಟಿಐ ಮಾಡಿ ಬಂದವರು. ಸರಳಿನ ಉದ್ದಕ್ಕೇ ತಿಕ್ಕಬೇಕು. ಅಡ್ಡಕ್ಕೆ ಒಂದು ಗೀರು ಉಳಿದರೂ ಬಿರುಕು ಅಲ್ಲಿಂದಲೇ ಹೊರಡಬಹುದು.

"ದೋಸೆ ಕಾವಲಿ ತಿಕ್ಕಿದ ಕೈ ಮಾರಾಯ್ರೆ ಇದು. ಕಲೆ ಉಳಿದ್ರೆ ಮಾವ ಸಟ್ಟುಗದಲ್ಲೇ ಬಾರಿಸ್ತಿದ್ರು."

"ಈಗ ಯಾರು ಬಾರಸ್ತಾರ್ರೀ ಮತ್ತ?" ಎಂದೆ. ನಾನು ಹುಟ್ಟಿದ್ದು ಜೋಗೇಶ್ವರಿಯ ಚಾಳಿನಲ್ಲೇ ಆದರೂ, ಅಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಮನೆಯ ಮಾತು ಹಾಗೇ ಇತ್ತು.

"ಈಗ ನೀವಿದ್ದೀರಲ್ಲ. ನೀವು ಊಟ ಆಯ್ತಾ ಕೇಳಿದ್ರೂ ಜಗಳ ತೆಗ್ದ ಹಾಗೆ ಕೇಳ್ತದೆ."

"ನಿಮ್ಮದು ಪುಸ್ತಕ ಓದಿದಂಗ ಕೇಳ್ತೈತಿ. ಪಾಠ ಮುಗೀತೇನ್ರಿ?"

ಇಡೀ ಲ್ಯಾಬಿನಲ್ಲಿ ಕನ್ನಡ ನಮ್ಮಿಬ್ಬರಿಗೇ. ಮೊದಲ ವರ್ಷದಿಂದಲೇ ಏನಾದರೊಂದು ನೆಪ ಮಾಡಿ ದಿನಕ್ಕೊಮ್ಮೆ ಅವರ ಮೇಜಿನ ಹತ್ತಿರ ಹೋಗುತ್ತಿದ್ದೆ. ನಾನು ಬಂದರೆ ಅವರು ಕೆಲಸ ನಿಲ್ಲಿಸುತ್ತಿದ್ದರು ಎಂದು ಬರೆಯಲು ಆಸೆ. ನಿಲ್ಲಿಸುತ್ತಿರಲಿಲ್ಲ. ತಿಕ್ಕುತ್ತಲೇ ಮಾತಾಡುತ್ತಿದ್ದರು.

ನಾನು ಹೊಸ ಕೋಣೆಗೆ ಹೋದ ವಾರವೇ ಒಬ್ಬ ಗಿರಾಕಿಯ ಸರಳೊಂದು, ಜೊತೆಯವಕ್ಕಿಂತ ಎಷ್ಟೋ ಮುಂಚೆ ಮುರಿಯಿತು. ಬಿರುಕು ಒಳಗಿನಿಂದ ಶುರುವಾಗಿದ್ದರೆ ತಪ್ಪು ಲೋಹದ್ದು. ಮೇಲ್ಮೈಯ ಗೀರಿನಿಂದ ಶುರುವಾಗಿದ್ದರೆ ತಪ್ಪು ಅದನ್ನು ತಿಕ್ಕಿದ ಅವರ ಕೈಯದ್ದು. ಮೆಷಿನ್ ನಿಂತಾಗ ಕೋಣೆಯಲ್ಲಿ ನಾನೊಬ್ಬಳೇ. ತುಂಡುಗಳನ್ನು ಬಿಚ್ಚಿದೆ, ಒಂದು ವರ್ಷ ಮಾಡಿದ್ದನ್ನೇ ಕೈ ಮಾಡಿತು. ಒಮ್ಮೆ ಜೋಡಿಸಿ, ಸರಿಯಾಗಿ ಕೂರಲೆಂದು ತುಸು ತಿರುಗಿಸಿದೆ ಕೂಡ.

ಮೈಕ್ರೋಸ್ಕೋಪಿನಿಂದ ತಲೆಯೆತ್ತಿದ ಲ್ಯಾಬಿನ ಸಾಹೇಬರು, ಇದನ್ನು ಜೋಡಿಸಿದ್ದು ಯಾರೆಂದು ಎಲ್ಲರ ಎದುರು ಹಿಂದಿಯಲ್ಲಿ ಕೇಳಿದರು, "ಕಿಸ್ನೆ ಜೋಡಾ ಇಸ್ಕೋ?"

"ಮೈನೆ," ಎಂದು ಕೂಡಲೇ ಒಪ್ಪಿಕೊಂಡೆ. ನನ್ನ ನೆನಪಿನಲ್ಲಿ ಹಾಗಿದೆ. ಆದರೆ ಸಂಜೆ ಸ್ಟೇಷನ್ ದಾರಿಯಲ್ಲಿ ಉಡುಪಿಯವರು ಅಂದದ್ದು ಬೇರೆ.

"ಹೇಳ್ಲಿಕ್ಕೆ ಅಷ್ಟು ಹೊತ್ತು ಯಾಕೆ ತಗೊಂಡ್ರಿ? ಎಲ್ರೂ ನನ್ನನ್ನೇ ನೋಡ್ತಾ ಇದ್ರು."

ಎಷ್ಟು ಹೊತ್ತು ಸುಮ್ಮನಿದ್ದೆ? ಆ ಮೌನ ನನ್ನಲ್ಲಿ ಇಲ್ಲ. ಅವರ ಮಾತಿನಿಂದಷ್ಟೇ ನನಗೆ ಗೊತ್ತು.

ಬಿರುಕಿನ ಮೂಲ ತಿಳಿಯಲಾಗಲಿಲ್ಲ ಎಂದು ವರದಿ ಹೋಯಿತು. ನನಗೆ ಎರಡು ಬೈಗುಳ. ಅವರನ್ನು ತಿಕ್ಕುವ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. ಸಂಬಳ ಅಷ್ಟೇ, ಕುರ್ಚಿ ಮೊದಲಿನದಕ್ಕಿಂತ ಚೆನ್ನಾಗಿತ್ತು. ಅವರು ಕೂತದ್ದನ್ನು ನಾನು ಕಾಣಲಿಲ್ಲ.

"ನನ್ನ ಗೀರೇ ಇರ್ಬಹುದು. ಇರ್ಲಿ. ಹೌದಾ ಅಲ್ವಾ ಅಂತ ಒಂದು ಗೊತ್ತಾಗಿದ್ರೆ ಸಾಕಿತ್ತು," ಎಂದರು ಒಂದು ದಿನ, ಸ್ಟೋರಿನ ಬಾಗಿಲಲ್ಲಿ.

"ನಿಮ್ಮ ಗೀರಲ್ರೀ ಅದು."

"ನೋಡದೇ ಹೇಳ್ತೀರಲ್ಲ."

ಸಮಾಧಾನಕ್ಕೆ ಹೇಳಿದ್ದೆ. ಅವರಿಗೆ ಬೇಕಾದದ್ದು ಸಮಾಧಾನವಲ್ಲ, ಉತ್ತರ. ಅದನ್ನು ಅಳಿಸಿದವಳು ನಾನು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಕೆಲಸ ಬಿಟ್ಟರು. ಕೊನೆಯ ದಿನ ನಾನು ರಜೆಯಲ್ಲಿದ್ದೆ. ಬೇಕೆಂದೇ ರಜೆ ಹಾಕಿದ್ದೆನೇ ಎಂದು ಈಗ ಅನುಮಾನ.

ಈಗ ನಾನು ವಿಲೆ ಪಾರ್ಲೆಯ ಒಂದು ಆಫೀಸಿನಲ್ಲಿ ಬೇರೆಯವರ ಟೆಸ್ಟ್ ವರದಿ ಓದುತ್ತೇನೆ. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಯಾರಾದರೂ "ಮಾರಾಯ್ರೆ" ಅಂದರೆ ಕತ್ತು ಆ ಕಡೆ ತಿರುಗುತ್ತದೆ. ಇಲ್ಲಿಯವರೆಗೆ ಬೇರೆ ಯಾರೋ. ಸಿಕ್ಕರೆ ಏನು ಹೇಳಬೇಕೆಂದು ಯೋಚಿಸಿ, ಎರಡು ಸ್ಟೇಷನ್ ದಾಟುವಷ್ಟರಲ್ಲಿ ಬಿಟ್ಟುಬಿಡುತ್ತೇನೆ. ಅವರು ಕೇಳುವುದು ಅದೊಂದನ್ನೇ.

ಆ ಬಿರುಕು ಅವರ ಕೈಯಿಂದ ಶುರುವಾಯಿತೋ ಲೋಹದ ಒಳಗಿನಿಂದಲೋ, ನನಗೆ ಗೊತ್ತಿಲ್ಲ.